ಹಿನ್ನೆಲೆಯ ಹಿರಿಮೆ: ಮೂರು ಜಿಂಕೆಗಳು ಕಲಿಸುವ ಪಾಠ

ಯಕ್ಷಗಾನವನ್ನು ಕಂಡು ಬೆಳೆದ ನಮ್ಮ ವಾಚಕರಿಗೆ ಹಿಮ್ಮೇಳದ ಮಹತ್ವವನ್ನು ಹೊಸದಾಗಿ ವಿವರಿಸಬೇಕಾದುದಿಲ್ಲ. ವೇಷಧಾರಿಯು ಎಷ್ಟೇ ಸಮರ್ಥನಿರಲಿ, ಭಾಗವತರ ಕಂಠವೂ ಚೆಂಡೆಮದ್ದಳೆಗಳ ನಾದವೂ ಹಿಂದಿನಿಂದ ಎತ್ತಿ ಹಿಡಿಯದಿದ್ದರೆ ಅವನ ಕುಣಿತ ಬರಿಯ ಕಾಲುಬಡಿತವಾಗುವುದು. ಆದರೂ ಪ್ರೇಕ್ಷಕರ ಕಣ್ಣು ವೇಷದ ಮೇಲೆಯೇ. ಕಾರ್ಟೂನ್ ಚಲಚ್ಚಿತ್ರಗಳಲ್ಲಿಯೂ ಇದೇ ನ್ಯಾಯ. ಓಡುವ ಜಿಂಕೆಯನ್ನೂ ನೆಗೆಯುವ ಕೋತಿಯನ್ನೂ ಮಕ್ಕಳು ನೆನಪಿನಲ್ಲಿಡುತ್ತಾರೆ. ಅವುಗಳ ಹಿಂದೆ ನಿಂತ ಕಾಡು, ಹೊಳೆ, ಬೆಟ್ಟಗಳನ್ನು ಬರೆದ ಕೈ ಯಾರದೆಂದು ಕೇಳುವವರಿಲ್ಲ. ಆ ಕೈಗಳಲ್ಲಿ ಕೆಲವು ಚೀನ ದೇಶದ ಪುರಾತನ ಚಿತ್ರಕಲೆಯಲ್ಲಿ ಪಳಗಿದವು. ಕೆಲವು ನಮ್ಮ ಅಜಂತೆಯ ಗೋಡೆಗಳಿಂದ ಪಾಠ ಕಲಿತವು. ಈ ಕಥೆಯಲ್ಲಿ ನಮ್ಮ ಮುಂಬಯಿ ನಗರಕ್ಕೂ ಒಂದು ಗೌರವದ ಸ್ಥಾನವಿದೆ. ಅದನ್ನು ಇಂದು ವಾಚಕರ ಮುಂದಿಡಲು ಬಯಸುತ್ತೇವೆ.

ಚೆಂಬೂರಿನ ನಿವಾಸಿಗಳಿಗೆ ಕೃತಕ ಹಿನ್ನೆಲೆ ಎಂಬುದು ಪರಕೀಯ ಸಂಗತಿಯಲ್ಲ. ರಾಜ್ ಕಪೂರರು ೧೯೪೮ರಲ್ಲಿ ಸ್ಥಾಪಿಸಿದ ಆರ್. ಕೆ. ಸಂಸ್ಥೆಯ ಸ್ಟುಡಿಯೋ ಇಲ್ಲಿಯೇ ಇದ್ದಿತು. ೧೯೫೧ರಲ್ಲಿ ತೆರೆಕಂಡ ‘ಆವಾರಾ’ ಚಿತ್ರದ ಸ್ವಪ್ನದೃಶ್ಯವನ್ನು ಕಂಡವರು ಮೋಡಗಳಿಂದ ತುಂಬಿದ ಆ ಮಾಯಾಲೋಕವನ್ನು ಮರೆತಿರಲಾರರು. ಅದರ ಕಲಾನಿರ್ದೇಶಕರಾದ ಎಂ. ಆರ್. ಆಚರೇಕರರು ಸ್ವತಃ ಹೆಸರಾಂತ ಚಿತ್ರಕಾರರು. ಆ ಚಿತ್ರ ಚೀನ ದೇಶದಲ್ಲಿ ಅಪಾರ ಜನಪ್ರಿಯತೆಯನ್ನು ಗಳಿಸಿತು. ೨೦೧೭ರ ಸೆಪ್ಟೆಂಬರಿನಲ್ಲಿ ಸ್ಟುಡಿಯೋಗೆ ಬೆಂಕಿ ಬಿದ್ದಿತು. ೨೦೧೯ರಲ್ಲಿ ಜಾಗವೂ ಮಾರಾಟವಾಯಿತು. ಹೀಗೆ ಚೆಂಬೂರಿನಿಂದ ಚೀನಕ್ಕೆ ಒಂದು ಹಿನ್ನೆಲೆ ಹೋಯಿತು. ಚೀನದ ಹಿನ್ನೆಲೆಯ ಕಲೆಯಾದರೋ ಅಮೇರಿಕೆಯನ್ನು ಬಳಸಿಕೊಂಡು, ಸುತ್ತುದಾರಿಯಲ್ಲಿ ಮುಂಬಯಿಯ ಸಮೀಪಕ್ಕೆ ಬಂದಿತು.

ಚಿತ್ರ ಚಲಿಸುವ ಬಗೆ

ಕಾರ್ಟೂನ್ ಚಿತ್ರ ತಯಾರಾಗುವ ಕ್ರಮವನ್ನು ಮೊದಲು ತಿಳಿಯುವುದು ಒಳ್ಳೆಯದು. ಚಲಚ್ಚಿತ್ರದಲ್ಲಿ ಒಂದು ಸೆಕೆಂಡಿಗೆ ೨೪ ಚಿತ್ರಗಳು ಕಣ್ಣಮುಂದೆ ಸರಿಯುತ್ತವೆ. ಒಂದೊಂದು ರೇಖಾಚಿತ್ರವನ್ನು ಎರಡೆರಡು ಬಾರಿ ಛಾಯಾಗ್ರಹಣ ಮಾಡಿದರೂ ಸೆಕೆಂಡಿಗೆ ೧೨ ಚಿತ್ರಗಳನ್ನು ಬರೆಯಬೇಕು. ಇವುಗಳನ್ನು ಪಾರದರ್ಶಕವಾದ ಸೆಲ್ಯುಲಾಯ್ಡ್ ಹಾಳೆಗಳ ಮೇಲೆ ಗೆರೆಯಿಂದ ಬರೆದು, ಗೆರೆಯ ಒಳಗೆ ಸಪಾಟಾದ ಬಣ್ಣ ತುಂಬುತ್ತಿದ್ದರು. ಹಾಳೆಯ ಕೆಳಗೆ ಹಿನ್ನೆಲೆಯ ಚಿತ್ರವನ್ನಿರಿಸಿ ಮೇಲಿನಿಂದ ಕ್ಯಾಮರಾ ಹಿಡಿಯುತ್ತಿದ್ದರು. ಇಂದು ಈ ಕೆಲಸವನ್ನು ಕಂಪ್ಯೂಟರ್ ಮಾಡಿದರೂ ಪದರಗಳ ಕ್ರಮ ಅದೇ.

ಇಲ್ಲೊಂದು ಸೂಕ್ಷ್ಮವಿದೆ. ಜಿಂಕೆಯನ್ನು ಸಾವಿರ ಸಲ ಬರೆಯಬೇಕಾದುದರಿಂದ ಅದರ ರೂಪ ಸರಳವಾಗಿರಲೇಬೇಕು. ಹಿನ್ನೆಲೆಯನ್ನಾದರೋ ಒಂದು ದೃಶ್ಯಕ್ಕೆ ಒಂದೇ ಸಲ ಬರೆದರೆ ಸಾಕು. ಆದುದರಿಂದ ಚಿತ್ರಕಾರನು ತನ್ನ ವಿದ್ಯೆಯನ್ನೆಲ್ಲ ಅಲ್ಲಿ ಧಾರೆಯೆರೆಯಬಹುದು. ಒಂದು ನಾಡಿನ ಪರಂಪರಾಗತ ಚಿತ್ರಕಲೆ ಕಾರ್ಟೂನಿನೊಳಗೆ ಕಾಲಿಡುವುದು ಸಾಮಾನ್ಯವಾಗಿ ಈ ಹಿನ್ನೆಲೆಯ ಬಾಗಿಲಿನಿಂದಲೇ.

ಮೊದಲನೆಯ ಜಿಂಕೆ

ವಾಲ್ಟ್ ಡಿಸ್ನಿಯವರ ‘ಬ್ಯಾಂಬಿ’ ೧೯೪೨ರಲ್ಲಿ ಹೊರಬಂದಿತು. ಕಾಡಿನಲ್ಲಿ ಹುಟ್ಟಿ, ತಾಯಿಯನ್ನು ಬೇಟೆಗಾರನ ಗುಂಡಿಗೆ ಕಳೆದುಕೊಂಡ ಜಿಂಕೆಮರಿಯ ಕಥೆ. ಅದರ ಕಾಡಿಗೆ ರೂಪ ಕೊಟ್ಟವರು ಟೈರಸ್ ವಾಂಗ್ ಎಂಬ ಚೀನೀ ಚಿತ್ರಕಾರರು. ಅವರ ಜೀವನವನ್ನು ನಮ್ಮ ವಾಚಕರು ತುಸು ಗಮನವಿಟ್ಟು ಓದಬೇಕೆಂದು ಕೋರುತ್ತೇವೆ.

ವಾಂಗರು ೧೯೧೦ರಲ್ಲಿ ದಕ್ಷಿಣ ಚೀನದ ಒಂದು ಹಳ್ಳಿಯಲ್ಲಿ ಜನಿಸಿದರು. ೧೯೨೦ರಲ್ಲಿ, ಹತ್ತರ ಹರೆಯದಲ್ಲಿ, ತಂದೆಯೊಡನೆ ಹಡಗು ಹತ್ತಿ ಅಮೇರಿಕೆಗೆ ಹೊರಟರು. ಊರಿನಲ್ಲಿ ಬಿಟ್ಟುಬಂದ ತಾಯಿಯನ್ನೂ ಸೋದರಿಯನ್ನೂ ಮತ್ತೆ ಕಾಣುವ ಭಾಗ್ಯ ಅವರಿಗೆ ಒದಗಲಿಲ್ಲ. ಚೀನೀ ಕೂಲಿಗಳು ದೇಶದೊಳಗೆ ಬರಬಾರದೆಂದು ಅಮೇರಿಕೆಯವರು ೧೮೮೨ರಲ್ಲಿಯೇ ಕಾನೂನು ಮಾಡಿದ್ದರು. ಆದುದರಿಂದ ಬಾಲಕನು ಬೇರೊಂದು ಹೆಸರಿನ ಕಾಗದಪತ್ರ ಹಿಡಿದು ಬರಬೇಕಾಯಿತು. ಸಾನ್ ಫ್ರಾನ್ಸಿಸ್ಕೋ ಬಳಿಯ ಏಂಜಲ್ ದ್ವೀಪದ ಕಟ್ಟಡದಲ್ಲಿ ಸುಮಾರು ಒಂದು ತಿಂಗಳು ಅವನನ್ನು ತಂದೆಯಿಂದ ಬೇರೆಯಾಗಿ ಕೂಡಿಹಾಕಿದರು. ತಂದೆಗೆ ಮಸಿ ಕೊಳ್ಳುವ ಶಕ್ತಿಯಿರಲಿಲ್ಲ. ಕುಂಚವನ್ನು ನೀರಿನಲ್ಲಿ ಅದ್ದಿ ಹಳೆಯ ವೃತ್ತಪತ್ರಿಕೆಯ ಮೇಲೆ ಅಕ್ಷರ ತಿದ್ದಿಸುತ್ತಿದ್ದನು. ನೀರು ಆರುವ ಮೊದಲು ಅಕ್ಷರದ ಅಂದವನ್ನು ನೋಡಿಕೊಳ್ಳಬೇಕು. ಅಂಥ ಪಾಠಶಾಲೆ ಅದು.

ಲಾಸ್ ಏಂಜಲೀಸಿನ ಓಟಿಸ್ ಕಲಾಶಾಲೆಯಲ್ಲಿ ವಿದ್ಯಾರ್ಥಿವೇತನ ದೊರೆತಾಗ ಅವರು ಅದೇ ಶಾಲೆಯ ಕಸ ಗುಡಿಸಿ ಓದಿದರು. ಚೀನೀಯರ ಪೇಟೆಯಲ್ಲಿದ್ದ ‘ಡ್ರಾಗನ್ಸ್ ಡೆನ್’ ಎಂಬ ಹೋಟೇಲಿನಲ್ಲಿ ಗಿರಾಕಿಗಳಿಗೆ ಬಡಿಸಿದರು. ಅದೇ ಹೋಟೇಲಿನ ಗೋಡೆಗಳ ಮೇಲೆ ಚಿತ್ರ ಬರೆದರು, ತಿಂಡಿಪಟ್ಟಿಯನ್ನೂ ಕುಂಚದಿಂದ ಅಲಂಕರಿಸಿದರು. ಮುಂದೆ ಪತ್ನಿಯಾದ ರೂತ್ ಅವರನ್ನು ಕಂಡದ್ದೂ ಆ ಹೋಟೇಲಿನಲ್ಲಿಯೇ.

೧೯೩೮ರಲ್ಲಿ ಡಿಸ್ನಿ ಸ್ಟುಡಿಯೋದಲ್ಲಿ ಕೆಲಸ ಸಿಕ್ಕಿತು. ಅದಾದರೂ ಗುಮಾಸ್ತಗಿರಿಯಂಥದೇ, ದೊಡ್ಡ ಕಲಾವಿದರು ಬರೆದ ಎರಡು ಭಂಗಿಗಳ ನಡುವಣ ಚಿತ್ರಗಳನ್ನು ದಿನವಿಡೀ ತುಂಬಿಸುವುದು. ಆ ಸಮಯಕ್ಕೆ ‘ಬ್ಯಾಂಬಿ’ಯ ತಯಾರಿ ಒಂದು ತೊಡಕಿನಲ್ಲಿ ಸಿಲುಕಿತ್ತು. ಕಾಡಿನ ಎಲೆ ಎಲೆಯನ್ನೂ ವಿವರವಾಗಿ ಬರೆದುದರಿಂದ ಜಿಂಕೆಗಳೇ ಅದರಲ್ಲಿ ಕಾಣದೆ ಹೋಗುತ್ತಿದ್ದವು. ವಾಂಗರು ಕೆಲಸ ಮುಗಿಸಿ ಮನೆಗೆ ಹೋಗಿ ಸಣ್ಣ ಸಣ್ಣ ಚಿತ್ರಗಳನ್ನು ಬರೆದು ತಂದು ಕಲಾನಿರ್ದೇಶಕ ಟಾಮ್ ಕಾಡ್ರಿಕ್‌ಗೆ ತೋರಿಸಿದರು. ಚೀನದ ಸುಂಗ್ ರಾಜವಂಶದ ಕಾಲದ, ಎಂದರೆ ೯೬೦ರಿಂದ ೧೨೭೯ರವರೆಗಿನ, ಪ್ರಕೃತಿಚಿತ್ರಗಳ ರೀತಿ ಅದು. ಅಲ್ಲಿ ಎಲೆಗಳಿಲ್ಲ, ಮಂಜಿದೆ. ಮರದ ತೊಗಟೆಯಿಲ್ಲ, ಮರದ ಇರವಿದೆ. ನಡುವೆ ಬೆಳಕಿನ ಒಂದು ಖಾಲಿ ಜಾಗ, ಅದರಲ್ಲಿ ಒಂದು ಪುಟ್ಟ ಜಿಂಕೆ. ತೊಡಕು ಬಿಡಿಸಿತು. ಇಡೀ ಚಿತ್ರದ ವರ್ಣವಿನ್ಯಾಸಕ್ಕೆ ಆ ಚಿತ್ರಗಳೇ ಮಾದರಿಯಾದವು.

ಆದರೆ ೧೯೪೧ರಲ್ಲಿ ಸ್ಟುಡಿಯೋದಲ್ಲಿ ಮುಷ್ಕರ ನಡೆದು, ಮುಷ್ಕರದಲ್ಲಿ ಸೇರದಿದ್ದ ವಾಂಗರೂ ಅದರ ತರುವಾಯ ಕೆಲಸ ಕಳೆದುಕೊಂಡರು. ಚಿತ್ರದ ಹೆಸರುಪಟ್ಟಿಯಲ್ಲಿ ಹಿನ್ನೆಲೆ ಬರೆದ ಹಲವರ ಪೈಕಿ ಒಬ್ಬರೆಂದು ಮಾತ್ರ ಅವರ ಹೆಸರು ಬಂದಿತು. ಡಿಸ್ನಿ ಸಂಸ್ಥೆಯು ಅವರನ್ನು ಸನ್ಮಾನಿಸಿದುದು ೨೦೦೧ರಲ್ಲಿ. ಅಷ್ಟರಲ್ಲಿ ಅವರಿಗೆ ತೊಂಬತ್ತು ದಾಟಿತ್ತು. ೨೦೧೬ರ ಡಿಸೆಂಬರಿನಲ್ಲಿ ೧೦೬ರ ವಯಸ್ಸಿನಲ್ಲಿ ನಿಧನರಾದರು. ತಾಯಿಯನ್ನು ಅಗಲಿದ ಬಾಲಕನು ತಾಯಿಯನ್ನು ಕಳೆದುಕೊಂಡ ಜಿಂಕೆಮರಿಯ ಕಾಡನ್ನು ಬರೆದನೆಂಬುದನ್ನು ಎಳೆಯ ವಯಸ್ಸಿನಲ್ಲಿ ಊರು ಬಿಟ್ಟುಬಂದ ನಮ್ಮ ಹೋಟೇಲು ಬಂಧುಗಳಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಎರಡನೆಯ ಜಿಂಕೆ

ಭಾರತ ಸರಕಾರದ ಫಿಲ್ಮ್ಸ್ ಡಿವಿಜನ್ ೧೯೪೮ರಲ್ಲಿ ಮುಂಬಯಿಯಲ್ಲಿ ಸ್ಥಾಪಿತವಾಯಿತು. ಚಿತ್ರಮಂದಿರಗಳಲ್ಲಿ ಮುಖ್ಯ ಚಿತ್ರಕ್ಕೆ ಮೊದಲು ಕಡ್ಡಾಯವಾಗಿ ತೋರಿಸುತ್ತಿದ್ದ ವಾರ್ತಾಚಿತ್ರಗಳನ್ನು ನಮ್ಮ ಹಿರಿಯ ವಾಚಕರು ಮರೆತಿರಲಾರರು. ೧೯೫೬ರಲ್ಲಿ ಅಲ್ಲಿ ಕಾರ್ಟೂನ್ ವಿಭಾಗ ಆರಂಭವಾಯಿತು. ಕೆಲಸ ಕಲಿಸಲು ಅಮೇರಿಕೆಯ ತಾಂತ್ರಿಕ ಸಹಕಾರ ಯೋಜನೆಯಂತೆ ಬಂದವರು ಕ್ಲೇರ್ ವೀಕ್ಸ್. ಇವರು ಡಿಸ್ನಿ ಸ್ಟುಡಿಯೋದಲ್ಲಿ ಅದೇ ‘ಬ್ಯಾಂಬಿ’ ಚಿತ್ರಕ್ಕಾಗಿ ದುಡಿದವರು. ಜಿ. ಕೆ. ಗೋಖಲೆ, ರಾಮಮೋಹನ್ ಮೊದಲಾದವರು ಆ ವಿಭಾಗದಲ್ಲಿದ್ದರು. ಮದರಾಸಿನ ರಸಾಯನಶಾಸ್ತ್ರ ಪದವೀಧರರಾಗಿದ್ದ ರಾಮಮೋಹನರು ಮುಂದೆ ಭಾರತೀಯ ಕಾರ್ಟೂನ್ ಕಲೆಯ ಪಿತಾಮಹರೆನಿಸಿ, ೨೦೧೪ರಲ್ಲಿ ಪದ್ಮಶ್ರೀ ಪಡೆದು, ೨೦೧೯ರಲ್ಲಿ ದಿವಂಗತರಾದರು.

ಈ ತಂಡದ ಮೊದಲ ಕೃತಿ ೧೯೫೭ರ ‘ಬನ್ಯನ್ ಡಿಯರ್’. ನ್ಯಗ್ರೋಧಮೃಗ ಎಂಬ ಜಾತಕಕಥೆ ಇದರ ವಸ್ತು. ಕಾಶಿಯ ಅರಸನ ಊಟಕ್ಕೆ ದಿನಕ್ಕೊಂದು ಜಿಂಕೆ ಸರದಿಯಂತೆ ಹೋಗಬೇಕು. ಒಂದು ದಿನ ಗರ್ಭಿಣಿಯಾದ ಹರಿಣಿಯ ಸರದಿ ಬಂದಾಗ ಅವಳ ಹಿಂಡಿನ ಒಡೆಯನು ಕೈಚೆಲ್ಲುತ್ತಾನೆ. ನ್ಯಗ್ರೋಧನೆಂಬ ಮೃಗರಾಜನು ತನ್ನ ಕೊರಳನ್ನೇ ಕೊಡಲು ಬರುತ್ತಾನೆ. ಅರಸನ ಮನಸ್ಸು ಕರಗುತ್ತದೆ. ಪುಣ್ಯಕೋಟಿಯನ್ನು ಬಾಲ್ಯದಲ್ಲಿಯೇ ಅರಿತ ಕನ್ನಡಿಗರಿಗೆ ಈ ಸತ್ವ ಹೊಸದಲ್ಲ.

ಕಲಿಸಿದವರು ಅಮೇರಿಕೆಯವರಾದರೂ ಚಿತ್ರದ ರೂಪರೇಖೆಗೆ ಆಶ್ರಯಿಸಿದುದು ಅಜಂತೆಯ ಭಿತ್ತಿಚಿತ್ರಗಳನ್ನು. ಕಾವಿಕಲ್ಲು, ಹಳದಿಮಣ್ಣು, ಹಸುರುಮಣ್ಣು, ದೀಪದ ಕಾಡಿಗೆ, ಸುಣ್ಣ ಇವೇ ಅಜಂತೆಯ ಬಣ್ಣಗಳು. ನೀಲಿಯೊಂದಕ್ಕೆ ಮಾತ್ರ ಹೊರನಾಡಿನ ರಾಜಾವರ್ತ ಶಿಲೆ. ನೆರಳಿಗಿಂತ ಗೆರೆಗೆ ಅಲ್ಲಿ ಪ್ರಾಧಾನ್ಯ. ಅಜಂತೆಯ ೧೭ನೆಯ ಗುಹೆಯಲ್ಲಿ ನ್ಯಗ್ರೋಧಮೃಗದ ಕಥೆಯೂ ರುರುಮೃಗದ ಕಥೆಯೂ ಚಿತ್ರಿತವಾಗಿವೆ. ಈ ಎರಡನೆಯ ಹೆಸರನ್ನು ವಾಚಕರು ನೆನಪಿನಲ್ಲಿಡಬೇಕು. ಮುಂಬಯಿಯ ಕಲಾಶಾಲೆಗೂ ಅಜಂತೆಗೂ ಇದ್ದ ನಂಟು ಹಳೆಯದು. ಪ್ರಾಚಾರ್ಯ ಜಾನ್ ಗ್ರಿಫಿತ್ಸ್ ೧೮೭೨ರಿಂದ ೧೮೮೫ರವರೆಗೆ ವಿದ್ಯಾರ್ಥಿಗಳೊಡನೆ ಆ ಚಿತ್ರಗಳ ಪ್ರತಿ ತೆಗೆದರು. ಲಂಡನ್ನಿಗೆ ಕಳುಹಿಸಿದ ಪ್ರತಿಗಳಲ್ಲಿ ಅನೇಕವು ೧೮೮೫ರ ಬೆಂಕಿಯಲ್ಲಿ ಸುಟ್ಟುಹೋದವು. ಆದರೂ ಕಲಿತ ಕೈಗಳು ಉಳಿದವು.

೧೯೬೧ರಲ್ಲಿ ಅದೇ ಕಾರ್ಟೂನ್ ವಿಭಾಗಕ್ಕೆ ಹಿನ್ನೆಲೆ ಬರೆಯುವವರಾಗಿ ಸೇರಿದ ಭೀಮಸೇನರನ್ನು ಇಲ್ಲಿ ನೆನೆಯಬೇಕು. ಮುಲ್ತಾನಿನಲ್ಲಿ ಹುಟ್ಟಿ, ದೇಶವಿಭಜನೆಯ ಕಾಲದಲ್ಲಿ ನಿರಾಶ್ರಿತರಾಗಿ ಲಖನೌ ಸೇರಿ, ಅಲ್ಲಿಂದ ಮುಂಬಯಿಗೆ ಬಂದವರು ಇವರು. ದೂರದರ್ಶನದಲ್ಲಿ ಒಂದು ತಲೆಮಾರಿನ ಮಕ್ಕಳು ನೋಡಿ ಬೆಳೆದ ‘ಏಕ್ ಅನೇಕ್ ಔರ್ ಏಕತಾ’ (೧೯೭೪) ಇವರ ವಿನ್ಯಾಸ. ೧೯೭೭ರಲ್ಲಿ ಇವರೇ ‘ಘರೌಂದಾ’ ಚಿತ್ರವನ್ನು ನಿರ್ದೇಶಿಸಿದರು: ಈ ನಗರದಲ್ಲಿ ಒಂದು ಚಿಕ್ಕ ಮನೆಗಾಗಿ ಪರದಾಡುವ ಇಬ್ಬರು ಗುಮಾಸ್ತರ ಕಥೆ. ಹಿನ್ನೆಲೆ ಬರೆದ ಕಣ್ಣಿಗೆ ನಗರದ ಹಿನ್ನೆಲೆಯಲ್ಲಿರುವ ಜನರು ಕಂಡರು.

ಶಾಂಘಾಯಿಯ ಮಸಿ

ಇದೇ ಕಾಲದಲ್ಲಿ ಚೀನದ ಕಲಾವಿದರೂ ತಮ್ಮತನವನ್ನು ಹುಡುಕುತ್ತಿದ್ದರು. ಅವರ ‘ಕಾಗೆ ಏಕೆ ಕಪ್ಪು’ ಎಂಬ ಕಾರ್ಟೂನ್ ಚಿತ್ರಕ್ಕೆ ವೆನಿಸ್ ಉತ್ಸವದಲ್ಲಿ ಬಹುಮಾನ ಬಂದಿತು. ಆದರೆ ತೀರ್ಪುಗಾರರು ಅದನ್ನು ರಷ್ಯದ ಚಿತ್ರವೆಂದು ಬಗೆದಿದ್ದರೆಂದು ಪ್ರಸಿದ್ಧವಾಗಿದೆ. ಅನುಕರಣೆಯಲ್ಲಿ ಪಾರಂಗತನಾದವನಿಗೆ ದೊರೆಯುವ ಪ್ರಶಸ್ತಿ ಇಂಥದು. ನಿರ್ದೇಶಕ ಟೆ ವೇಯವರಿಗೆ ಇದು ಚುಚ್ಚಿತು. ೧೯೫೬ರ ‘ಅಹಂಕಾರಿ ಸೇನಾಪತಿ’ ಚಿತ್ರದಲ್ಲಿ ಅವರು ಪೀಕಿಂಗ್ ಸಂಗೀತನಾಟಕದ ಮುಖವರ್ಣಿಕೆಯನ್ನೂ ನಡೆಯನ್ನೂ ಅಳವಡಿಸಿದರು. ೧೯೬೦ರ ಪ್ರಾರಂಭದಲ್ಲಿ ಉಪಪ್ರಧಾನಿ ಚೆನ್ ಯೀಯವರು, ಚಿ ಬಾಯ್‌ಷಿಯವರ ಚಿತ್ರಗಳು ಚಲಿಸುವಂತೆ ಮಾಡಬಹುದೆ ಎಂದು ಕಲಾವಿದರನ್ನು ಕೇಳಿದರು.

ಚಿ ಬಾಯ್‌ಷಿಯವರು ರೈತನ ಮಗ. ಹರೆಯದಲ್ಲಿ ಬಡಗಿಯ ಕಸುಬು ಮಾಡಿ, ತರುವಾಯ ಮಹಾಚಿತ್ರಕಾರರಾದವರು. ಸಿಗಡಿ, ಕಪ್ಪೆ, ಏಡಿಗಳನ್ನು ನಾಲ್ಕಾರು ಕುಂಚಸ್ಪರ್ಶದಲ್ಲಿ ಜೀವಂತವಾಗಿ ಬರೆಯುತ್ತಿದ್ದರು. ೧೯೫೭ರಲ್ಲಿ ತೀರಿಕೊಂಡರು.

ಇವರ ಚಿತ್ರವನ್ನು ಚಲಿಸುವಂತೆ ಮಾಡುವುದು ಏಕೆ ಕಷ್ಟ? ಚೀನೀಯರು ಒಂದೇ ಕಪ್ಪು ಮಸಿಯಲ್ಲಿ ಐದು ಬಣ್ಣಗಳನ್ನು ಕಾಣುತ್ತಾರೆ. ನಮ್ಮ ಹೋಟೇಲಿನ ಅಡಿಗೆಮನೆಯಲ್ಲಿ ನಿಂತವರಿಗೆ ಇದು ಸುಲಭವಾಗಿ ಅರ್ಥವಾದೀತು. ಕಾಫಿಯ ಮೊದಲ ಡಿಕಾಕ್ಷನ್ ಗಾಢವಾದ ಕಪ್ಪು; ಎರಡನೆಯದು ತಿಳಿ; ಮೂರನೆಯ ನೀರು ಬಿದ್ದಾಗ ಬರಿಯ ಛಾಯೆ. ಪುಡಿ ಅದೇ, ನೀರಿನ ಪ್ರಮಾಣದಿಂದ ಬಣ್ಣ ಬೇರೆ. ಮಸಿಯೂ ಹಾಗೆಯೇ. ಅದು ಹೀರುಕಾಗದದ ಮೇಲೆ ಹರಡಿದಾಗ ಅಂಚಿನ ಗೆರೆಯೇ ಇರುವುದಿಲ್ಲ; ಒಂದು ಸಲ ಹರಡಿದಂತೆ ಇನ್ನೊಂದು ಸಲ ಹರಡುವುದೂ ಇಲ್ಲ. ಸೆಲ್ಯುಲಾಯ್ಡ್ ಹಾಳೆಯಾದರೋ ನೀರನ್ನು ಹೀರುವುದೇ ಇಲ್ಲ. ಹಿನ್ನೆಲೆಯನ್ನು ಮಸಿಯಲ್ಲಿ ಬರೆಯುವುದು ಸಾಧ್ಯ. ಆದರೆ ಅದರ ಮುಂದೆ ಗಟ್ಟಿ ಗೆರೆಯ ಕಪ್ಪೆಯನ್ನಿಟ್ಟರೆ ನೆಂಟರ ಮನೆಯಲ್ಲಿ ಅಪರಿಚಿತನಂತೆ ಕಾಣುವುದು.

ಶಾಂಘಾಯಿ ಸ್ಟುಡಿಯೋದವರು ಒಂದು ಉಪಾಯ ಕಂಡುಹಿಡಿದರು. ಒಂದೇ ಗೊದಮೊಟ್ಟೆಯ ಗಾಢ, ಮಧ್ಯಮ, ತಿಳಿ ಛಾಯೆಗಳನ್ನು ಬೇರೆ ಬೇರೆ ಹಾಳೆಗಳ ಮೇಲೆ ಬಿಡಿಸಿ, ಒಂದರ ಮೇಲೊಂದರಂತೆ ಹಲವು ಬಾರಿ ಛಾಯಾಗ್ರಹಣ ಮಾಡಿ, ಅಂಚುಗಳನ್ನು ಕ್ಯಾಮರಾದಿಂದಲೇ ಮಸುಕುಗೊಳಿಸಿದರು. ತಾಂತ್ರಿಕ ಹೊಣೆ ಚಿಯಾನ್ ಜಿಯಾಜುನ್ ಅವರದು; ಕ್ಯಾಮರಾದ ಹೊಣೆ ದುವಾನ್ ಶಿಯಾವೋಶುವಾನ್ ಎಂಬ ಮಹಿಳೆಯದು. ತಾಯಿಯನ್ನರಸುವ ಗೊದಮೊಟ್ಟೆಗಳ ಆ ಕಿರುಚಿತ್ರಕ್ಕೆ ೧೯೬೧ರಲ್ಲಿ ಲೊಕಾರ್ನೋ ಉತ್ಸವದಲ್ಲಿ ಬಹುಮಾನ ಬಂದಿತು. ಈ ವಿದ್ಯೆಯನ್ನು ಚೀನ ಸರಕಾರ ಬಹುಕಾಲ ಗುಟ್ಟಾಗಿಟ್ಟಿತು. ೧೯೬೩ರಲ್ಲಿ ಲಿ ಕೆರಾನ್ ಅವರ ಎಮ್ಮೆಗಳ ಚಿತ್ರಗಳನ್ನು ಆಧರಿಸಿ ‘ದನಗಾಹಿಯ ಕೊಳಲು’ ಸಿದ್ಧವಾಯಿತು. ಸಾಂಸ್ಕೃತಿಕ ಕ್ರಾಂತಿಯ ವರ್ಷಗಳಲ್ಲಿ ಈ ಕಲೆ ಸ್ತಬ್ಧವಾಯಿತು. ಟೆ ವೇಯವರೂ ಬಂಧನದ ಕಷ್ಟ ಅನುಭವಿಸಿದರು. ೧೯೮೮ರಲ್ಲಿ ಅವರು ‘ಗಿರಿಜಲಗಳ ಭಾವ’ ಎಂಬ ಚಿತ್ರವನ್ನು ಕೊಟ್ಟರು. ವೃದ್ಧ ವೈಣಿಕನೂ ಅವನ ಶಿಷ್ಯೆಯೂ ಇರುವ ಆ ಚಿತ್ರದಲ್ಲಿ ಹಿನ್ನೆಲೆಯ ಬೆಟ್ಟ ಮಂಜುಗಳೇ ಮುಖ್ಯಪಾತ್ರಗಳು.

ಮೂರನೆಯ ಜಿಂಕೆ

ಈ ಸ್ಟುಡಿಯೋ ೧೯೮೧ರಲ್ಲಿ ತಯಾರಿಸಿದ ‘ಒಂಬತ್ತು ಬಣ್ಣದ ಜಿಂಕೆ’ಯನ್ನು ನಿರ್ದೇಶಿಸಿದವರು ಚಿಯಾನ್ ಜಿಯಾಜುನ್ ಮತ್ತು ದಾಯ್ ತಿಯೆಲಾಂಗ್. ಮರುಭೂಮಿಯ ಅಂಚಿನಲ್ಲಿರುವ ದುನ್‌ಹುವಾಂಗಿನ ೨೫೭ನೆಯ ಗುಹೆಯ ಭಿತ್ತಿಚಿತ್ರ ಇದಕ್ಕೆ ಮೂಲ. ಕಲಾವಿದರು ಅಲ್ಲಿಗೆ ಹೋಗಿ ಗೋಡೆಗಳ ಮುಂದೆ ಕುಳಿತು ಪ್ರತಿ ತೆಗೆದು, ಆ ವರ್ಣಗಳನ್ನೇ ಹಿನ್ನೆಲೆಗೆ ತಂದರು.

ಕಥೆ ಯಾವುದು? ಹೊಳೆಯಲ್ಲಿ ಮುಳುಗುತ್ತಿದ್ದ ಮನುಷ್ಯನನ್ನು ಜಿಂಕೆ ಕಾಪಾಡುತ್ತದೆ. ಅವನು ಬಹುಮಾನದ ಆಸೆಯಿಂದ ಅದರ ಇರುವನ್ನು ಅರಸನಿಗೆ ತಿಳಿಸಿ ದ್ರೋಹ ಬಗೆಯುತ್ತಾನೆ. ಇದುವೇ ರುರುಜಾತಕ! ನಮ್ಮ ಅಜಂತೆಯ ೧೭ನೆಯ ಗುಹೆಯಲ್ಲಿ ನ್ಯಗ್ರೋಧಮೃಗದ ಕಥೆಯೊಡನೆ ಇರುವ ಕಥೆಯೇ ಅದು. ಬೌದ್ಧ ಭಿಕ್ಷುಗಳೊಡನೆ, ಸಾರ್ಥವಾಹರೊಡನೆ, ಹಿಮಾಲಯದಾಚೆ ನಡೆದುಹೋದ ಭಾರತದ ಜಿಂಕೆ ಚೀನದ ಬಣ್ಣಗಳನ್ನು ಹೊತ್ತು ಬೆಳ್ಳಿತೆರೆಯ ಮೇಲೆ ಪ್ರತ್ಯಕ್ಷವಾಯಿತು. ೧೯೫೭ರಲ್ಲಿ ಮುಂಬಯಿಯಲ್ಲಿ, ೧೯೮೧ರಲ್ಲಿ ಶಾಂಘಾಯಿಯಲ್ಲಿ, ಎರಡು ದೇಶಗಳ ಕಲಾವಿದರು ತಮ್ಮ ತಮ್ಮ ಗುಹೆಗಳ ಗೋಡೆಯಿಂದ ಒಂದೊಂದು ಜಿಂಕೆಯನ್ನು ಇಳಿಸಿ ಓಡಿಸಿದರು.

ನಮಗೆ ಇದರಿಂದ ಏನು?

ಲೋಟ ತೊಳೆಯುವವನಿಗೂ ಲೆಕ್ಕ ಬರೆಯುವವನಿಗೂ ಈ ಪುರಾಣದಿಂದ ಏನು ಪ್ರಯೋಜನವೆಂದು ಯಾರಾದರೂ ಕೇಳಬಹುದು. ಪ್ರಯೋಜನವಿದೆ ಎಂದೇ ನಮ್ಮ ನಂಬಿಕೆ. ಇಂದು ನಮ್ಮ ಕನ್ನಡ ಮನೆಗಳ ಎಷ್ಟೋ ಹುಡುಗ ಹುಡುಗಿಯರು ಆ್ಯನಿಮೇಶನ್ ಕಲಿಯಲು ಹೋಗುತ್ತಿದ್ದಾರೆ. ತಂದೆಯ ವರ್ಷಗಳ ಉಳಿತಾಯ ಶುಲ್ಕವಾಗಿ ಹೋಗುತ್ತದೆ. ಅಲ್ಲಿ ಅವರಿಗೆ ಕಂಪ್ಯೂಟರಿನ ಬಳಕೆ ಬರುತ್ತದೆ. ಜಪಾನಿನ ಕಣ್ಣು, ಅಮೇರಿಕೆಯ ಮೂಗು ಬರೆಯಲು ಬರುತ್ತದೆ. ಚೀನೀ ಮಸಿಯ ಕುಂಚವೂ ಕಂಪ್ಯೂಟರಿನಲ್ಲಿ ಸಿದ್ಧವಾಗಿ ಸಿಗುತ್ತದೆ. ಆದರೆ ಸಿದ್ಧಕುಂಚದಿಂದ ಮೇಲಿನ ಥಳಕು ಬಂದೀತೇ ಹೊರತು ಎಲ್ಲಿ ಬರೆಯಬೇಕು, ಎಲ್ಲಿ ಬಿಡಬೇಕು ಎಂಬ ವಿವೇಕ ಬರಲಾರದು. ಕೇಳಿದಂತೆ ಬರೆದುಕೊಡುವ ಯಂತ್ರಗಳೇ ಬಂದಿರುವ ಈ ದಿನಗಳಲ್ಲಿ ಬರಿಯ ಅನುಕರಣೆ ಕಲಿತವನ ಅನ್ನಕ್ಕೆ ಮೊದಲು ಸಂಚಕಾರ. ವಾಂಗರ ಬಳಿ ಇದ್ದುದು ಬೇರೆಯವರ ಬಳಿ ಇಲ್ಲದ ಒಂದು ಗಂಟು, ಅಪ್ಪ ನೀರಿನಲ್ಲಿ ತಿದ್ದಿಸಿದ ಅಕ್ಷರ. ಅದೇ 'ಬ್ಯಾಂಬಿ'ಯ ತೊಡಕನ್ನು ಬಿಡಿಸಿತು.

ನಮ್ಮ ಗಂಟಿನಲ್ಲಿ ಏನಿದೆ? ಬಯಲಾಟದ ರಂಗಸ್ಥಳವನ್ನು ನೋಡಿರಿ. ಅಲ್ಲಿ ಕಾಡಿನ ಪರದೆಯಿಲ್ಲ, ಹೊಳೆಯ ಪರದೆಯಿಲ್ಲ. ವೇಷಧಾರಿಯ ಒಂದು ಸುತ್ತು, ಭಾಗವತರ ಒಂದು ಪದ. ಖಾಲಿ ಜಾಗವೇ ಖಾಂಡವವನವಾಗುವುದು. ಸುಂಗ್ ಚಿತ್ರಕಾರರ ಖಾಲಿ ಜಾಗದ ರಹಸ್ಯವೂ ಇದುವೇ. ತೊಗಲುಗೊಂಬೆಯಾಟವನ್ನು ನೋಡಿರಿ: ಪಾರದರ್ಶಕವಾದ ಚರ್ಮಕ್ಕೆ ಬಣ್ಣ ಹಾಕಿ, ಹಿಂದೆ ದೀಪವಿಟ್ಟು, ಬಿಳಿಯ ಪರದೆಯ ಮೇಲೆ ಚಲಿಸುವಂತೆ ಮಾಡುವ ವಿದ್ಯೆ ಸೆಲ್ಯುಲಾಯ್ಡ್ ಹಾಳೆಗಿಂತ ಎಷ್ಟೋ ಹಳೆಯದು. ಕರಾವಳಿಯ ದೇವಾಲಯಗಳ ಗೋಡೆಯ ಮೇಲಣ ಕೆಂಪು ಬಿಳಿಯ ಕಾವಿಕಲೆ, ಹಂಪೆಯ ವಿರೂಪಾಕ್ಷ ದೇವಾಲಯದ ಮೇಲ್ಛಾವಣಿಯ ಚಿತ್ರಗಳು, ೫೭೮ರ ಶಾಸನವುಳ್ಳ ಬಾದಾಮಿಯ ಮೂರನೆಯ ಗುಹೆಯ ಅಳಿದುಳಿದ ವರ್ಣಗಳು, ಇವೆಲ್ಲ ಹಿನ್ನೆಲೆಗಾಗಿ ಕಾದು ಕುಳಿತಿವೆ. ಉಡುಪಿಯ ಬಳಿಯ ಕಟ್ಟಿಂಗೇರಿಯಿಂದ ಮುಂಬಯಿಗೆ ಬಂದ ಕೆ. ಕೆ. ಹೆಬ್ಬಾರರು (೧೯೧೧–೧೯೯೬) ಪ್ಯಾರಿಸ್ಸಿನಲ್ಲಿ ಕಲಿತ ಮೇಲೂ ಊರಿನ ಕುಣಿತವನ್ನೂ ಜಾತ್ರೆಯನ್ನೂ ಗೆರೆಯಿಂದ ಬಿಡಲಿಲ್ಲ. ೨೦೨೦ರಲ್ಲಿ ಬೆಂಗಳೂರಿನವರು ಕನ್ನಡದ ಪುಣ್ಯಕೋಟಿಯ ಕಥೆಯನ್ನು ಸಂಸ್ಕೃತ ಭಾಷೆಯ ಕಾರ್ಟೂನ್ ಚಿತ್ರವಾಗಿ ಹೊರತಂದರು. ದಾರಿ ತೆರೆದಿದೆ ಎಂಬುದಕ್ಕೆ ಇಷ್ಟು ಸಾಕು.

ಕೊನೆಯದಾಗಿ ಎರಡು ಮಾತುಗಳು. ಮೊದಲನೆಯದು ನಮ್ಮ ಸಂಘಸಂಸ್ಥೆಗಳಿಗೆ. ವಾರ್ಷಿಕೋತ್ಸವಗಳಲ್ಲಿ ಹಾರ ತುರಾಯಿಗಳ ನಡುವೆ ಅರ್ಧ ಗಂಟೆ ಬಿಡುವು ಮಾಡಿ, ಮಕ್ಕಳಿಗೆ ಈ ಜಿಂಕೆಗಳ ಚಿತ್ರಗಳನ್ನು ತೋರಿಸಿರಿ. ಪೆಡ್ಡರ್ ರಸ್ತೆಯ ಫಿಲ್ಮ್ಸ್ ಡಿವಿಜನ್ ಆವರಣದಲ್ಲಿ ೨೦೧೯ರಲ್ಲಿ ಉದ್ಘಾಟನೆಗೊಂಡ ಭಾರತೀಯ ಸಿನಿಮಾದ ರಾಷ್ಟ್ರೀಯ ವಸ್ತುಸಂಗ್ರಹಾಲಯಕ್ಕೆ ಒಂದು ದಿನ ಕರೆದೊಯ್ಯಿರಿ. ಶಾಲೆಗೆ ಹೋಗುವ ಮಕ್ಕಳನ್ನು ಮಹಾರಾಷ್ಟ್ರ ಸರಕಾರದ ಎಲಿಮೆಂಟರಿ, ಇಂಟರ್‌ಮೀಡಿಯೇಟ್ ಡ್ರಾಯಿಂಗ್ ಪರೀಕ್ಷೆಗಳಿಗೆ ಕೂರಿಸಿರಿ.

ಎರಡನೆಯದು ಹೋಟೇಲು ಮಾಲಕರಾದ ನಮ್ಮ ಬಂಧುಗಳಿಗೆ. ಗಲ್ಲೆಯ ಮೇಲೆ ಬಹುಕಾಲ ಕುಳಿತವರಾದುದರಿಂದ ಈ ಮಾತನ್ನಾಡುವ ಸಲುಗೆ ನಮಗಿದೆ. ಈ ನಗರದ ಕನ್ನಡ ರಾತ್ರಿಶಾಲೆಗಳು ಬದುಕಿದುದು ಸಂಜೆಯ ಹೊತ್ತು ಹುಡುಗರನ್ನು ಬಿಟ್ಟುಕೊಟ್ಟ ಮಾಲಕರ ದೆಸೆಯಿಂದ. ಅಲ್ಲಿ ಓದಿದ ಮಾಣಿಗಳು ವಕೀಲರಾದರು, ಬ್ಯಾಂಕಿನ ಅಧಿಕಾರಿಗಳಾದರು. ಬಿಲ್ಲಿನ ಪುಸ್ತಕದ ಬೆನ್ನಿನ ಮೇಲೆ ಹುಲಿವೇಷ ಬರೆಯುವ ಹುಡುಗನೊಬ್ಬ ಕಣ್ಣಿಗೆ ಬಿದ್ದರೆ ಗದರಿಸಬೇಡಿರಿ. ವಾರಕ್ಕೆ ಎರಡು ಸಂಜೆ ಅವನನ್ನು ಚಿತ್ರದ ಪಾಠಕ್ಕೆ ಕಳುಹಿಸಿರಿ. ಒಂದು ಡಬ್ಬಿ ಬಣ್ಣ ಕೊಡಿಸಿರಿ. ಅವನಿಗೆ ಮಸಿಗೆ ಹಣವಿಲ್ಲವೆಂಬ ಕೊರತೆ ನಮ್ಮ ಹೋಟೇಲುಗಳಲ್ಲಿ ಇರಕೂಡದು.